ಕವಳಿ ಹಣ್ಣಿನ ಲೆಕ್ಕ

ಏಪ್ರಿಲ್-ಮೇ ತಿಂಗಳಲ್ಲಿ ಮುಂಬಯಿ ಕಡೆ "ಡೋಂಗರಚಿ ಕಾಳಿ ಮೈನಾ" ಎಂಬ ಕೂಗು ಕೇಳಿದರೆ ಹಕ್ಕಿ ಮಾರಲು ಬಂದರೆಂದು ತಿಳಿಯಬೇಡಿ. ಅದು ನಮ್ಮ ಕವಳಿ ಹಣ್ಣು. ಮಂಗಳೂರಿನವರಿಗೆ ಕರಂಡೆ, ಮರಾಠಿಯಲ್ಲಿ ಕರವಂದ. ಮಾಥೇರಾನಿಗೆ ಹೋದವರಂತೂ ಎಲೆಯ ದೊನ್ನೆಯಲ್ಲಿ ಇದನ್ನು ತಿನ್ನದೆ ಇಳಿಯುವುದಿಲ್ಲ.

1850ರಲ್ಲಿ ಥಾಣೆಯ ಕಲೆಕ್ಟರ್ ಹ್ಯೂ ಮಾಲೆಟ್ ಈ ಬೆಟ್ಟವನ್ನು ಕಂಡುಹಿಡಿದರಂತೆ. ಅಲ್ಲಿನ ಠಾಕರರಿಗೂ ಕಾತಕರಿಗಳಿಗೂ ಅದು ಅದುವರೆಗೆ ಕಂಡೇ ಇರಲಿಲ್ಲವೇನೋ! 1907ರಲ್ಲಿ ನೇರಳ್‌ನಿಂದ ಪುಟಾಣಿ ರೈಲು ಹತ್ತಿತು, ಜೊತೆಗೆ ಪ್ರವಾಸಿಗರೂ ಹತ್ತಿದರು. ಕಾಡುಹಣ್ಣಿಗೆ ಗಿರಾಕಿಗಳು ಸಿಕ್ಕರು.

ಆದರೆ ಅಷ್ಟರಲ್ಲಿ ಕಾಡಿನ ಖಾತೆಯೇ ಬದಲಾಗಿತ್ತು. 1878ರ ಅರಣ್ಯ ಕಾಯ್ದೆಯಿಂದ ಮೀಸಲು ಕಾಡುಗಳ ಮೇಲೆ ಸರಕಾರದ ಹಿಡಿತ ಬಿಗಿಯಾಯಿತು. 1927ರ ಕಾಯ್ದೆ ಓದಿ ನೋಡಿ, ಕಾಡಿನಲ್ಲಿ ಸಿಗುವ ಎಲೆ, ಹೂವು, ಹಣ್ಣು ಎಲ್ಲವೂ "ಅರಣ್ಯ ಉತ್ಪನ್ನ". ಅಂದರೆ ಕವಳಿಯೂ ಬಂತು, ಅದರ ದೊನ್ನೆಯೂ ಬಂತು. ಕಾತಕರಿ ಎಂಬ ಹೆಸರು ಬಂದದ್ದೇ ಕಾಚು ಕಾಯಿಸುವ ಕಸುಬಿನಿಂದ. ಕಾಡಿನ ಬಾಗಿಲು ಮುಚ್ಚುತ್ತ ಬಂದಂತೆ ಆ ಕಸುಬೂ ಹೋಯಿತು, ಅನೇಕರು ಇಟ್ಟಿಗೆ ಭಟ್ಟಿಗಳಿಗೆ ಕೂಲಿಗೆ ಹೋದರು.

ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವುದು ಇವರ ಒಡೆತನದ ಹಕ್ಕು ಎಂದು ಕಾನೂನು ಬರೆದದ್ದು 2006ರಲ್ಲಿ. ಮಾಲೆಟ್ ಸಾಹೇಬರು ಬೆಟ್ಟ ಹತ್ತಿ ಆಗಲೇ 156 ವರ್ಷ!

ಬ್ಯಾಂಕಿನವನಾದ್ದರಿಂದ ಲೆಕ್ಕ ಹಾಕುವ ಚಟ ನನಗೆ. ಹಣ್ಣು ಕಾಡಿನದು, ಪುಕ್ಕಟೆ ಎಂದು ಚೌಕಾಸಿ ಮಾಡುವವರು ಕೂಲಿಯನ್ನು ಹಿಡಿಯುವುದೇ ಇಲ್ಲ. ಬೆಳಗಿನ ಜಾವ ಎದ್ದು, ಮುಳ್ಳಿನ ಪೊದೆಯೊಳಗೆ ಕೈ ಹಾಕಿ, ಬೆರಳಿಗೆ ಅಂಟುವ ಹಾಲು ಸಹಿಸಿಕೊಂಡು ಒಂದೊಂದಾಗಿ ಬಿಡಿಸಿದ್ದು ಅದು. ಜೂನ್‌ನಲ್ಲಿ ಮಳೆ ಹಿಡಿದರೆ ಆ ವರ್ಷದ ವ್ಯಾಪಾರ ಮುಗಿಯಿತು.