ಕುದುರೆಯ ಹೆಜ್ಜೆಯನ್ನು ಅಳೆದ ಬಗೆ

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರಗಳ ಬದಿಯ ಮಾಗಡಿ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಹೊರಟರೆ ಮಾಗಡಿ ಸಿಗುತ್ತದೆ. ಅದರಾಚೆ ಕುಣಿಗಲ್. ಟಿಪ್ಪು ಸುಲ್ತಾನನ ಕಾಲದಲ್ಲಿ ಅಶ್ವದಳಕ್ಕಾಗಿ ಕುದುರೆಗಳನ್ನು ಸಾಕಿದ ಊರಿದು. ಮುಂದೆ ಪಂದ್ಯದ ಕುದುರೆಗಳಿಗೂ ಹೆಸರಾಯಿತು. ಯುದ್ಧಕ್ಕಾಗಲಿ, ಜಟಕಾಕ್ಕಾಗಲಿ, ಪಂದ್ಯಕ್ಕಾಗಲಿ ಕುದುರೆ ಕೊಳ್ಳುವವರ ಮುಖ್ಯ ಪ್ರಶ್ನೆ ಒಂದೇ: ಅದರ ನಡಿಗೆ ಸರಿಯಾಗಿದೆಯೆ?

ಈ ಪ್ರಶ್ನೆ ಹಳೆಯದು. ಅಮರಕೋಶವು ಕುದುರೆಯ ಐದು ಬಗೆಯ ಗತಿಗಳನ್ನು ಹೆಸರಿಸುತ್ತದೆ. ಕನ್ನಡದಲ್ಲಿ ಸುಮಾರು 1400ರಲ್ಲಿ ಅಭಿನವಚಂದ್ರನು 'ಅಶ್ವವೈದ್ಯ'ವನ್ನು ರಚಿಸಿದ. ಆದರೆ ನಡಿಗೆಯನ್ನು ಪರೀಕ್ಷಿಸಲು ಆಗ ಇದ್ದ ಸಾಧನಗಳು ಕಣ್ಣು ಮತ್ತು ಕಿವಿ ಮಾತ್ರ.

ಕಣ್ಣನ್ನು ಎಷ್ಟು ನಂಬಬಹುದು? ಫ್ರಾನ್ಸಿನ ಚಿತ್ರಕಾರ ಜೆರಿಕೊ 1821ರಲ್ಲಿ ಚಿತ್ರಿಸಿದ ಪಂದ್ಯದ ಕುದುರೆಗಳು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುತ್ತವೆ. ನೋಡಿದವರಾರಿಗೂ ತಪ್ಪೆನಿಸಲಿಲ್ಲ. ಆದರೆ ಯಾವ ಕುದುರೆಯೂ ಹಾಗೆ ಓಡುವುದಿಲ್ಲ!

ಇದನ್ನು ಬಯಲಿಗೆಳೆದ ಮೊದಲ ಸಾಧನ ಕ್ಯಾಮರಾ ಅಲ್ಲ, ರಬ್ಬರಿನ ಚೆಂಡು. ಪ್ಯಾರಿಸ್ಸಿನ ಶರೀರಕ್ರಿಯಾ ವಿಜ್ಞಾನಿ ಎಟಿಯೆನ್ ಜೂಲ್ ಮಾರೆ ಕುದುರೆಯ ಗೊರಸುಗಳ ಕೆಳಗೆ ಗಾಳಿ ತುಂಬಿದ ರಬ್ಬರ್ ಚೆಂಡುಗಳನ್ನು ಅಳವಡಿಸಿದ. ಗೊರಸು ನೆಲ ಮುಟ್ಟಿದಾಗ ಒತ್ತಿದ ಗಾಳಿ ಕೊಳವೆಯ ಮೂಲಕ ಸಾಗಿ, ಸವಾರನ ಕೈಯಲ್ಲಿದ್ದ ಉಪಕರಣದ ಸೂಜಿಯನ್ನು ಅಲುಗಿಸುತ್ತಿತ್ತು. ತಿರುಗುವ ಉರುಳೆಗೆ ಸುತ್ತಿದ ಮಸಿ ಹಿಡಿದ ಕಾಗದದ ಮೇಲೆ ಸೂಜಿ ಗೆರೆ ಎಳೆಯುತ್ತಿತ್ತು. ನಾಗಾಲೋಟದಲ್ಲಿ ಕ್ಷಣಕಾಲ ನಾಲ್ಕೂ ಗೊರಸುಗಳು ನೆಲ ಬಿಡುತ್ತವೆ ಎಂದು ಗೆರೆಗಳು ಹೇಳಿದವು. ಈ ವಿವರ 1873ರಲ್ಲಿ ಪ್ರಕಟವಾಯಿತು.

ಆ ಪುಸ್ತಕ ಅಮೆರಿಕದ ಶ್ರೀಮಂತ ಲೆಲ್ಯಾಂಡ್ ಸ್ಟ್ಯಾನ್‌ಫರ್ಡ್‌ನ ಕುತೂಹಲವನ್ನು ಕೆರಳಿಸಿತು. ಅವನ ನೆರವಿನಿಂದ ಎಡ್ವರ್ಡ್ ಮೈಬ್ರಿಜ್ 1878ರಲ್ಲಿ 12 ಕ್ಯಾಮರಾಗಳನ್ನು ಸಾಲಾಗಿಟ್ಟು ಓಡುವ ಕುದುರೆಯ ಚಿತ್ರಗಳನ್ನು ತೆಗೆದ. ಕ್ಯಾಮರಾಗಳ ನಡುವಿನ ಅಂತರ 27 ಅಂಗುಲ, ಅಂದರೆ ಸುಮಾರು 0.69 ಮೀಟರ್. ಕುದುರೆಯ ವೇಗ ಸೆಕೆಂಡಿಗೆ ಸುಮಾರು 16 ಮೀಟರ್. ಭಾಗಿಸಿ ನೋಡಿ: ಎರಡು ಚಿತ್ರಗಳ ನಡುವಿನ ಕಾಲ ಸೆಕೆಂಡಿನ ಇಪ್ಪತ್ಮೂರನೆಯ ಒಂದು ಭಾಗ. ನಾಲ್ಕೂ ಗೊರಸುಗಳು ಗಾಳಿಯಲ್ಲಿದ್ದುದು ನಿಜ. ಆದರೆ ಆಗ ಕಾಲುಗಳು ಚಾಚಿರಲಿಲ್ಲ, ಹೊಟ್ಟೆಯ ಕೆಳಗೆ ಮಡಿಚಿದ್ದವು.

ಓಟದ ಪ್ರಶ್ನೆ ತೀರಿತು, ಕುಂಟಿನದು ಉಳಿಯಿತು. ಮುಂಗಾಲು ನೋಯುವ ಕುದುರೆ ಆ ಕಾಲೂರುವಾಗ ತಲೆಯನ್ನು ಮೇಲೆತ್ತುತ್ತದೆ. ಕುಂಟು ಹೆಚ್ಚಾಗಿದ್ದರೆ ಯಾರಿಗೂ ಕಾಣುತ್ತದೆ. ಅಲ್ಪವಾಗಿದ್ದರೆ? ಅಮೆರಿಕದ ಪಶುವೈದ್ಯ ಕೆವಿನ್ ಕೀಗನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಪ ಕುಂಟಿನ ಬಗ್ಗೆ ಅನುಭವಿ ವೈದ್ಯರ ನಡುವೆ ಒಮ್ಮತ ಮೂಡಿದ್ದು ನೂರಕ್ಕೆ ಸುಮಾರು 62 ಸಲ ಮಾತ್ರ. ನಾಣ್ಯ ಚಿಮ್ಮಿದರೂ 50 ಸಲ ಹೊಂದುತ್ತದೆ! ಇದು ಕೇವಲ ವಾದದ ವಿಷಯವಲ್ಲ. ಗಮನಕ್ಕೆ ಬಾರದ ನೋವಿನೊಡನೆ ಓಡಿದ ಕುದುರೆಯ ಮೂಳೆ ಮುರಿದರೆ, ಎಷ್ಟೋ ಸಲ ಅದನ್ನು ಉಳಿಸಿಕೊಳ್ಳಲಾಗದು.

ಕೀಗನ್ ತಂಡ ರೂಪಿಸಿದ ವ್ಯವಸ್ಥೆಯಲ್ಲಿ ಮೂರು ಪುಟ್ಟ ಸಂವೇದಕಗಳಿವೆ. ತಲೆ ಮತ್ತು ಸೊಂಟದ ಮೇಲಿನವು ವೇಗೋತ್ಕರ್ಷವನ್ನೂ, ಬಲ ಮುಂಗಾಲಿನದು ಕಾಲು ತಿರುಗುವ ದರವನ್ನೂ ಅಳೆಯುತ್ತವೆ. ಸೆಕೆಂಡಿಗೆ 200 ಸಲ ಅಳತೆ ನಡೆಯುತ್ತದೆ. ವೇಗೋತ್ಕರ್ಷವನ್ನು ಎರಡು ಸಲ ಅನುಕಲನ ಮಾಡಿದರೆ ತಲೆ, ಸೊಂಟಗಳು ಎಷ್ಟು ಏರಿಳಿದವು ಎಂಬುದು ಸಿಗುತ್ತದೆ. ಎಡ ಹೆಜ್ಜೆಗೂ ಬಲ ಹೆಜ್ಜೆಗೂ ಕೆಲವೇ ಮಿಲಿಮೀಟರ್ ವ್ಯತ್ಯಾಸವಿದ್ದರೂ ತಿಳಿಯುತ್ತದೆ. ಕುಕ್ಕುಲೋಟದಲ್ಲಿ ಎಡಬಲಗಳ ಹೆಜ್ಜೆ ಸಮವಾಗಿರುವುದರಿಂದ ಈ ಪರೀಕ್ಷೆಗೆ ಅದೇ ಸೂಕ್ತ.

ಆದರೆ ಸಂವೇದಕ ಅಳೆಯುವುದು ಅಸಮತೆಯನ್ನು, ನೋವನ್ನಲ್ಲ. ಅಸಮತೆಗೆ ಕಾರಣ ಗೊರಸಿನ ಹುಣ್ಣೋ, ಕೀಲಿನ ಬೇನೆಯೋ, ಹುಟ್ಟಿನಿಂದ ಬಂದ ನಡಿಗೆಯೋ ಎಂಬುದನ್ನು ವೈದ್ಯರೇ ಕಾಲು ಮುಟ್ಟಿ ನೋಡಿ ನಿರ್ಧರಿಸಬೇಕು.

ಮಾಡಿ ನೋಡಿ: ವೇಗೋತ್ಕರ್ಷಮಾಪಕ ನಿಮ್ಮ ಮೊಬೈಲಿನಲ್ಲೂ ಇದೆ. ಅದರ ನಕ್ಷೆ ತೋರಿಸುವ ತಂತ್ರಾಂಶವನ್ನು ಹಾಕಿಕೊಂಡು, ಮೊಬೈಲನ್ನು ಸೊಂಟದ ಹಿಂಬದಿಯ ನಡುಭಾಗಕ್ಕೆ ಬಿಗಿಯಾಗಿ ಕಟ್ಟಿ 20 ಹೆಜ್ಜೆ ನಡೆಯಿರಿ. ಒಂದು ಕಾಲಿನ ಚಪ್ಪಲಿಯನ್ನು ಕಳಚಿ ಮತ್ತೆ ನಡೆಯಿರಿ. ಎರಡೂ ನಕ್ಷೆಗಳನ್ನು ಹೋಲಿಸಿ. ಅದಕ್ಕೂ ಮೊದಲು, ನಿಮ್ಮ ನಡಿಗೆಯಲ್ಲಿ ವ್ಯತ್ಯಾಸ ಕಂಡಿತೇ ಎಂದು ಗೆಳೆಯರನ್ನು ಕೇಳಲು ಮರೆಯಬೇಡಿ.