ಅಲಾರಮ್ ಕೂಗಿತು, ಬರೋರು ಯಾರು?

ಫ್ಲ್ಯಾಟಿನ ಬಾಗಿಲಿಗೆ ಅಂಟಿಸೋ ಬೆರಳುದ್ದದ ಬಿಳಿ ಸೆನ್ಸರ್ ನೋಡಿದ್ದೀರಲ್ಲ? ಅದರ ಕೆಲಸ ಬಹಳ ಸರಳ. ಬಾಗಿಲಿಗೆ ಒಂದು ಅಯಸ್ಕಾಂತ, ಚೌಕಟ್ಟಿಗೆ ಒಂದು ರೀಡ್ ಸ್ವಿಚ್. ಬಾಗಿಲು ಮುಚ್ಚಿರುವಷ್ಟು ಹೊತ್ತು ಅಯಸ್ಕಾಂತವು ಸ್ವಿಚ್ಚಿನ ಎರಡು ತೆಳು ಪಟ್ಟಿಗಳನ್ನು ಕೂಡಿಸಿ ಇಟ್ಟಿರುತ್ತೆ. ತೆರೆದರೆ ಪಟ್ಟಿಗಳು ಬಿಡುತ್ತವೆ, ಸೈರನ್ ಕೂಗುತ್ತೆ.

ಇದರ ಬೇರು 1853ರಲ್ಲಿದೆ. ಬಾಗಿಲು, ಕಿಟಕಿ ತೆರೆದರೆ ವಿದ್ಯುತ್ಕಾಂತದಿಂದ ಗಂಟೆ ಬಾರಿಸುವ ಅಲಾರಮ್‌ಗೆ ಅಮೆರಿಕದ ಆಗಸ್ಟಸ್ ರಸೆಲ್ ಪೋಪ್ ಪೇಟೆಂಟ್ ಪಡೆದ. 1857ರಲ್ಲಿ ಎಡ್ವಿನ್ ಹೋಮ್ಸ್ ಅದರ ಹಕ್ಕು ಕೊಂಡು ವ್ಯಾಪಾರಕ್ಕಿಳಿದ. ಆದರೆ ಗಂಟೆ ಹೊಡೆದ ಮಾತ್ರಕ್ಕೆ ಕಳ್ಳ ಸಿಗಲ್ಲ. ಕೇಳಿ ಓಡಿಬರೋ ಮನುಷ್ಯ ಬೇಕು. ಅದಕ್ಕೇ ಮುಂದೆ ಮನೆಮನೆಯ ತಂತಿಗಳನ್ನು ಕಾವಲಿನವರಿದ್ದ ಕೇಂದ್ರ ಕಚೇರಿಗೆ ಎಳೆದರು.

ನಮ್ಮ ಹುಲಿಕುಂಟೆ, ಮಧುಗಿರಿ, ಪಾವಗಡದ ಸೀಮೆಯಲ್ಲಿ ತಂತಿ ಇರಲಿಲ್ಲ, ಮನುಷ್ಯ ಮಾತ್ರ ಇದ್ದ. ತಳವಾರ, ಜೊತೆಗೆ ತೋಟಿ. ಇಬ್ಬರೂ ಊರಿನ ಆಯಗಾರರು. ಬ್ರಿಟಿಷ್ ಪಾರ್ಲಿಮೆಂಟಿನ 1812ರ ಐದನೇ ವರದಿ ಪಕ್ಕದ ಮದರಾಸು ಸೀಮೆಯಲ್ಲಿ ಇವರ ಕೆಲಸವನ್ನು ಬೇರೆಬೇರೆಯಾಗಿ ಬರೆದಿದೆ: ಅಪರಾಧದ ಸುದ್ದಿ ತೆಗೆಯೋದು, ದಾರಿಹೋಕರನ್ನು ಪಕ್ಕದೂರಿಗೆ ಕಾಪಾಡಿ ಮುಟ್ಟಿಸೋದು ತಳವಾರನದು; ಊರೊಳಗಿದ್ದು ಬೆಳೆ ಕಾಯೋದು, ಅಳೆಯೋಕೆ ನೆರವಾಗೋದು ತೋಟಿಯದು. ಕೂಲಿ ಅಂದ್ರೆ ಸುಗ್ಗಿಯ ಕಣದಲ್ಲಿ ಸಿಗೋ ಆಯದ ಕಾಳು, ಇದ್ದರೆ ಒಂದಿಷ್ಟು ಇನಾಂ ಜಮೀನು. ದಕ್ಷಿಣ ಭಾರತದ ಅನೇಕ ಕಡೆ ಕಳುವಾದ ಮಾಲು ಸಿಗದಿದ್ದರೆ ಕಾವಲುಗಾರನೇ ಬೆಲೆ ಕಟ್ಟಿಕೊಡಬೇಕಿತ್ತು. ಈಗಿನ ಯಾವ ಅಲಾರಮ್ ಕಂಪನಿ ಇಂಥಾ ಗ್ಯಾರಂಟಿ ಕೊಡುತ್ತೆ ಹೇಳಿ?

ಆದರೆ ‘ಆ ಕಾಲವೇ ಚೆಂದ’ ಅನ್ನೋ ಹಾಗಿಲ್ಲ. ಈ ಕೆಲಸ ಹುಟ್ಟಿನಿಂದ ಬರ್ತಿತ್ತು. ತೋಟಿ ಕೆಲಸ ಬಹಳ ಕಡೆ ದಲಿತ ಮನೆತನಗಳಿಗೆ ಅಂಟಿಕೊಂಡಿತ್ತು. ಹಗಲೂ ರಾತ್ರಿ ಊರು ಕಾದವನು ಆ ಊರಿನ ಮೇಲ್ಜಾತಿ ಮನೆಗಳ ಹೊಸಿಲು ದಾಟುವಂತಿರಲಿಲ್ಲ. ಕಳ್ಳನನ್ನು ಹೊರಗಿಟ್ಟ ವ್ಯವಸ್ಥೆ ಕಾವಲುಗಾರನನ್ನೂ ಹೊರಗೇ ಇಟ್ಟಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ವಂಶಪಾರಂಪರ್ಯದ ಹುದ್ದೆಗಳು ಹೋದವು, ಇನಾಂ ಜಮೀನನ್ನು ಮರುಮಂಜೂರು ಮಾಡಿಸಿಕೊಳ್ಳೋಕೆ ದಾರಿಯಾಯಿತು.

ಈಗ ಅಲಾರಮ್ ಕೊಳ್ಳುವಾಗ ಬ್ಯಾಟರಿ ಎಷ್ಟು ದಿನ ಬರುತ್ತೆ, ಆ್ಯಪ್ ಹೇಗಿದೆ ಅಂತ ಕೇಳ್ತೀವಿ. ನೀವು 112ಕ್ಕೆ ಫೋನ್ ಮಾಡಿ ಪೊಲೀಸರು ಬರೋ ಮೊದಲು ಮೆಟ್ಟಿಲು ಹತ್ತಿ ಓಡಿಬರೋನು ಗೇಟಿನ ಗಾರ್ಡ್. ಅವನ ಕೈಗೆ ಸಂಬಳ ಎಷ್ಟು ಸೇರುತ್ತೆ, ಶಿಫ್ಟು ಎಷ್ಟು ಗಂಟೆ, ಬಳಸೋಕೆ ಟಾಯ್ಲೆಟ್ ಇದೆಯಾ, ಲಿಫ್ಟ್ ಹತ್ತೋಕೆ ಬಿಡ್ತಾರಾ ಅಂತ ಮುಂದಿನ ಅಸೋಸಿಯೇಷನ್ ಮೀಟಿಂಗಲ್ಲಿ ಒಮ್ಮೆ ಕೇಳಿ ನೋಡಿ.