ಕಿತ್ತೂರು ಸೀಮೆಯ ಜೋಳದ ರೊಟ್ಟಿ

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ಸೀಮೆಯಲ್ಲಿ ಊಟದ ಆಧಾರ ಬಿಳಿಜೋಳದ ರೊಟ್ಟಿ. ಎಣ್ಣೆಗಾಯಿ, ಪುಂಡಿಪಲ್ಯ, ಝುಣಕ, ಶೇಂಗಾ ಚಟ್ನಿ, ಮೊಸರು ಅದರ ಸಂಗಾತಿಗಳು.

ಇತಿಹಾಸ

ಜೋಳದ ತವರು ಆಫ್ರಿಕ. ಪೂರ್ವ ಸುಡಾನಿನಲ್ಲಿ 5,000 ವರ್ಷಗಳಿಗೂ ಹಿಂದೆ ಅದನ್ನು ಬೆಳೆಯುತ್ತಿದ್ದ ಕುರುಹುಗಳು ದೊರೆತಿವೆ. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ವೇಳೆಗೆ ಅದು ಭಾರತವನ್ನು ತಲುಪಿತ್ತು. ಕನ್ನಡ ನೆಲದಲ್ಲಿ ಅದು ಕೇವಲ ಧಾನ್ಯವಾಗಿ ಉಳಿಯಲಿಲ್ಲ. ಉಂಡ ಅನ್ನದ ಋಣಕ್ಕಾಗಿ ಒಡೆಯನ ಪರ ಪ್ರಾಣ ತೆರುವ ವೀರನ ನಿಷ್ಠೆಯನ್ನು ಹಳಗನ್ನಡ ‘ಜೋಳದ ಪಾಳಿ’, ‘ಜೋಳವಾಳಿ’ ಎಂದೇ ಕರೆಯಿತು.

ಮಾಡುವ ವಿಧಾನ

ಗೋಧಿಹಿಟ್ಟನ್ನು ಹಿಡಿದಿಡುವ ಅಂಟು ಜೋಳದಲ್ಲಿಲ್ಲ. ಆದ್ದರಿಂದ ಕುದಿಯುವ ಎಸರನ್ನು ಹಿಟ್ಟಿನ ನಡುವೆ ಸುರಿಯುತ್ತಾರೆ. ಬಿಸಿಗೆ ಪಿಷ್ಟ ಬೆಂದು ಜಿಗಿ ಬರುತ್ತದೆ. ಹಿಟ್ಟು ಹಳತಾದಷ್ಟೂ ಜಿಗಿ ತಗ್ಗಿ, ರೊಟ್ಟಿಯ ಅಂಚು ಒಡೆಯುತ್ತದೆ. ಹೀಗಾಗಿ ಜೋಳವನ್ನು ಬೇಕಾದಷ್ಟೇ ಬೀಸಿಸುವುದು ರೂಢಿ. ಚೆನ್ನಾಗಿ ನಾದಿದ ಉಂಡೆಯನ್ನು ಒಣಹಿಟ್ಟು ಉದುರಿಸಿ, ಅಂಗೈಯಿಂದ ತಿರುಗಿಸುತ್ತ ಬಡಿಯಬೇಕು. ಕಾದ ಹಂಚಿಗೆ ಹಾಕಿದ ಕೂಡಲೇ ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆರುತ್ತಿದ್ದಂತೆ ಮಗುಚಬೇಕು. ಎರಡೂ ಬದಿ ಬೆಂದ ಬಳಿಕ ಕೆಂಡದ ಮುಂದೆ ಹಿಡಿದರೆ ರೊಟ್ಟಿ ಉಬ್ಬುತ್ತದೆ.

ತೆಳುವಾಗಿ ಬಡಿದು ಗರಿಗರಿಯಾಗಿ ಒಣಗಿಸಿದ್ದು ಖಡಕ್ ರೊಟ್ಟಿ. ಇದು ಹಲವು ದಿನ ಕೆಡದು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬಂಡಿ ಕಟ್ಟಿಕೊಂಡು ಬರುವ ಭಕ್ತರಿಗೆ ಇದೇ ಬುತ್ತಿ.

ಇಂದಿನ ಸ್ಥಿತಿ

ಹಿಂಗಾರಿ ಜೋಳವನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ. ಎರೆಭೂಮಿ ಹಿಡಿದಿಟ್ಟ ತೇವದಲ್ಲೇ ಅದು ಬೆಳೆಯುತ್ತದೆ. ತೆನೆ ಮನೆಗೆ, ಕಣಿಕೆ ದನಕ್ಕೆ. ಆದರೆ ನೀರಾವರಿ ಬಂದ ಹೊಲಗಳಲ್ಲಿ ಕಬ್ಬು, ಗೋವಿನಜೋಳ ಅದರ ಸ್ಥಾನಕ್ಕೆ ಬಂದಿವೆ. ಮನೆಗಳಲ್ಲಿ ರೊಟ್ಟಿ ಬಡಿಯುವ ಕೈಗಳೂ ಕಡಿಮೆಯಾಗುತ್ತಿವೆ.

ಇನ್ನೊಂದೆಡೆ, ನಗರಗಳ ಖಾನಾವಳಿಗಳಲ್ಲಿ ಮತ್ತು ಅಂಗಡಿಗಳಲ್ಲಿ ರೊಟ್ಟಿಗೆ ಬೇಡಿಕೆಯಿದೆ. ಅದನ್ನು ಬಡಿದು ಮಾರುವುದು ಅನೇಕ ಮಹಿಳೆಯರಿಗೆ ದುಡಿಮೆಯ ದಾರಿಯಾಗಿದೆ. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಜೋಳದತ್ತಲೂ ಗಮನ ಹರಿಯಿತು. ಆದರೆ ರೊಟ್ಟಿಯ ಉಳಿವು ತಿನ್ನುವವರಿಂದ ಮಾತ್ರ ಸಾಧ್ಯವಿಲ್ಲ. ಜೋಳ ಬಿತ್ತಿದ ರೈತನಿಗೂ ರೊಟ್ಟಿ ಬಡಿದ ಕೈಗೂ ತಕ್ಕ ಬೆಲೆ ಸಿಕ್ಕರೆ ಉಂಡವರ ಜೋಳದ ಋಣ ತೀರೀತು.